ಮೊದಲ ಪುಟದಲ್ಲಿ ವಯಸ್ಸು, ಮೂರನೇ ಪುಟದಲ್ಲಿ ಕಾಯಿಲೆ

ಪ್ರಶ್ನೆ: ನಮ್ಮ ಅಮ್ಮನಿಗೆ 84 ವರ್ಷ. ಶುಗರ್, ಬಿಪಿ ಬಹಳ ಹಿಂದಿನಿಂದ ಇದೆ. ಎರಡು ವರ್ಷದಿಂದ ಮರೆವಿನ ಕಾಯಿಲೆಯೂ ಸೇರಿಕೊಂಡಿದೆ. ಹೋದ ತಿಂಗಳು ಜ್ವರ ಬಂದು ಊಟ ಬಿಟ್ಟರು, ನಮ್ಮ ಗುರುತೂ ಸಿಗದ ಹಾಗಾಯಿತು. ಖಾಸಗಿ ಆಸ್ಪತ್ರೆಯಲ್ಲಿ 11 ದಿನ ಇದ್ದರು, ಅದರಲ್ಲಿ 3 ದಿನ ಐಸಿಯು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ವಯೋಸಹಜ ನಿಶ್ಶಕ್ತಿ, ಸುಸ್ತು, ಪ್ಯಾಲಿಯೇಟಿವ್ ಕೇರ್’ ಅಂತ ಬರೆದು ಆರ್54, ಆರ್53, ಝಡ್51.5 ಅನ್ನುವ ಕೋಡ್ ಹಾಕಿದ್ದಾರೆ. ವಿಮಾ ಕಂಪನಿಯವರು ‘ಎಕ್ಸ್‌ಕ್ಲೂಷನ್ 05’ ಅಂತ ಹೇಳಿ ಡಿಸ್ಚಾರ್ಜ್ ದಿನ ಕ್ಯಾಶ್‌ಲೆಸ್ ನಿಲ್ಲಿಸಿಬಿಟ್ಟರು. ಪೂರ್ತಿ ಬಿಲ್ ನಾವೇ ಕಟ್ಟಿ ಕರೆದುಕೊಂಡು ಬಂದೆವು. ಈ ಕೋಡ್ ಯಾರು ಹಾಕುತ್ತಾರೆ? ಬದಲಾಯಿಸಿಕೊಡಿ ಅಂತ ಕೇಳಬಹುದಾ? ಕೇಳಿದರೆ ತಪ್ಪಾಗುತ್ತಾ?
— ರಾಜಾಜಿನಗರದ ಒಬ್ಬ ಓದುಗರು

ಉತ್ತರ: ನೀವು ಕಳಿಸಿದ ಸಮ್ಮರಿಯನ್ನು ಎರಡು ಸಲ ಓದಿದೆ. ಮೊದಲನೇ ಪುಟದ ಪ್ರಕಾರ ನಿಮ್ಮ ಅಮ್ಮನಿಗೆ ಕಾಯಿಲೆಯೇ ಇಲ್ಲ, ವಯಸ್ಸಾಗಿದೆ ಅಷ್ಟೆ. ಮೂರನೇ ಪುಟಕ್ಕೆ ಬಂದರೆ ಕಥೆಯೇ ಬೇರೆ. ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಆಕ್ಸಿಜನ್ ಕೊಟ್ಟಿದ್ದಾರೆ. ಏಳು ದಿನ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಹೋಗಿದೆ. ಸೋಡಿಯಂ 121ಕ್ಕೆ ಇಳಿದಿದೆ, ಇರಬೇಕಾದ್ದು 135ರ ಮೇಲೆ. ಸೊಂಟದ ಹಿಂದೆ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು, ಆಗಿದೆ. ಕ್ಲೇಮ್ ನೋಡುವವರು ದಿನಕ್ಕೆ ಎಷ್ಟೋ ಫೈಲ್ ತೆರೆಯುತ್ತಾರೆ, ಮೊದಲನೇ ಪುಟ ಇಷ್ಟು ಬೋಳಾಗಿದ್ದರೆ ಮೂರನೇ ಪುಟದವರೆಗೆ ಹೋಗುವ ತಾಳ್ಮೆ ಯಾರಿಗೂ ಇರುವುದಿಲ್ಲ.

ನಾನು 26 ವರ್ಷ ಆಸ್ಪತ್ರೆಗಳ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ, ನಮ್ಮ ಮಾತಲ್ಲಿ ಎಂಆರ್‌ಡಿಯಲ್ಲಿ, ಕೋಡಿಂಗ್ ಮಾಡಿದವಳು. ನಿಮ್ಮಂಥ ಫೈಲ್‌ಗಳು ನನ್ನ ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ಆದ್ದರಿಂದ ನೇರವಾಗಿ ಹೇಳುತ್ತೇನೆ. ಕೋಡ್ ಬದಲಾಯಿಸಿ ಅಂತ ಕೇಳಬೇಡಿ. ಡಾಕ್ಟರಿಗೆ ‘ಅಮ್ಮನಿಗೆ ನೀವು ಏನಕ್ಕೆ ಚಿಕಿತ್ಸೆ ಕೊಟ್ಟಿರೋ ಅದನ್ನ ಮೊದಲನೇ ಪುಟದಲ್ಲಿ ಬರೆದುಕೊಡಿ’ ಅಂತ ಕೇಳಿ. ಅದು ಸರಿಹೋದರೆ ಕೋಡ್ ತಾನಾಗಿ ಸರಿಹೋಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ಅದು ನಿಮ್ಮ ಹಕ್ಕು.

ಈಗ ಕೋಡ್ ಯಾರು ಹಾಕುತ್ತಾರೆ ಅನ್ನೋದು. ಒಂದೇ ದಾಖಲಾತಿಗೆ ಎರಡು ಕಡೆ ಕೋಡ್ ಬೀಳುತ್ತದೆ, ಇದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಮ್ಮೆ ಕೆಳಗಡೆ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ. ಅಲ್ಲಿ ಕೂತ ಹುಡುಗ ಅಥವಾ ಹುಡುಗಿ ಡಾಕ್ಟರ ಗೀಚು ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ, ಮೊದಲು ಸಿಕ್ಕಿದ್ದನ್ನ ಪ್ರೀ-ಆಥ್ ಫಾರಂಗೆ, ಅಂದರೆ ಕಂಪನಿಯ ಮುಂಗಡ ಒಪ್ಪಿಗೆ ಕೇಳುವ ಅರ್ಜಿಗೆ, ತುಂಬುತ್ತಾರೆ. ಇನ್ನೊಂದು ಸಲ ಡಿಸ್ಚಾರ್ಜ್ ಆದಮೇಲೆ, ಫೈಲ್ ಎಂಆರ್‌ಡಿಗೆ ಬಂದಾಗ. ನಾವು ನಿಧಾನವಾಗಿ ಓದಿ ಹಾಕುತ್ತಿದ್ದೆವು. ತಮಾಷೆ ಏನೆಂದರೆ ಕ್ಲೇಮ್ ತೀರ್ಮಾನವಾಗುವುದು ಅವಸರದಲ್ಲಿ ಹಾಕಿದ ಮೊದಲನೆಯದರ ಮೇಲೆ. ನಮ್ಮದು ಕಪಾಟಿಗೆ ಹೋಗುತ್ತಿತ್ತು.

ಆ ಅಕ್ಷರ, ಅಂಕಿಗಳು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಅನ್ನುವ ಪಟ್ಟಿಯವು. ಮೊದಲ ಅಕ್ಷರ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ‘ಜೆ’ ಅಂದರೆ ಉಸಿರಾಟದ ಕಾಯಿಲೆ, ‘ಐ’ ಅಂದರೆ ಹೃದಯ, ರಕ್ತನಾಳ. ‘ಆರ್’ ಅಂದರೆ ಬರೀ ಲಕ್ಷಣ, ಕಾಯಿಲೆ ಏನು ಅಂತ ಇನ್ನೂ ತೀರ್ಮಾನವಾಗಿಲ್ಲ ಅಂತ ಅರ್ಥ. ‘ಝಡ್’ ಅಂದರೆ ಕಾಯಿಲೆ ಅಲ್ಲದ ಕಾರಣಕ್ಕೆ ಆಸ್ಪತ್ರೆಗೆ ಬಂದದ್ದು. ನಿಮ್ಮ ಅಮ್ಮನಿಗೆ ಎರಡು ಆರ್, ಒಂದು ಝಡ್. ಅಂದರೆ ಕಾಯಿಲೆಯ ಅಕ್ಷರ ಒಂದೂ ಇಲ್ಲ! ಆರ್54 ಅಂದರೆ ಮುಪ್ಪು, ಆರ್53 ಅಂದರೆ ಸುಸ್ತು, ಝಡ್51.5 ಅಂದರೆ ಪ್ಯಾಲಿಯೇಟಿವ್ ಕೇರ್, ಕಾಯಿಲೆ ವಾಸಿ ಮಾಡುವುದಕ್ಕಿಂತ ನೋವು, ಸಂಕಟ ಕಡಿಮೆ ಮಾಡುವ ಆರೈಕೆ.

ನಮ್ಮ ಪೇಪರುಗಳಲ್ಲಿ ‘ವಯೋಸಹಜ ಕಾಯಿಲೆಯಿಂದ ಬಳಲುತ್ತಿದ್ದ’ ಅಂತ ನಿಧನದ ಸುದ್ದಿ ಬರುತ್ತದಲ್ಲ, ಅದೇ ಮಾತು ಇಲ್ಲಿ ಸಮ್ಮರಿಗೆ ಇಳಿದಿದೆ. ಪೇಪರಿನಲ್ಲಿ ಅದು ಮರ್ಯಾದೆಯ ಮಾತು. ಸಮ್ಮರಿಯಲ್ಲಿ ದುಬಾರಿ ಮಾತು.

ಏಕೆ ದುಬಾರಿ ಅಂದರೆ ಎಕ್ಸ್‌ಕ್ಲೂಷನ್ 05. ಪಾಲಿಸಿಗಳಲ್ಲಿ ಯಾವುದಕ್ಕೆ ಹಣ ಕೊಡುವುದಿಲ್ಲ ಅನ್ನುವ ಪಟ್ಟಿಗೆ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2019ರಲ್ಲಿ ಒಂದೇ ಥರದ ಮಾತು, ಒಂದೇ ಥರದ ನಂಬರ್ ಕೊಟ್ಟಿತು. ಅದರಲ್ಲಿ ಐದನೆಯದು ವಿಶ್ರಾಂತಿ, ಪುನಶ್ಚೇತನದ ಆರೈಕೆಗೆ ಸಂಬಂಧಿಸಿದ್ದು. ಚಿಕಿತ್ಸೆಗಲ್ಲದೆ ಮುಖ್ಯವಾಗಿ ಹಾಸಿಗೆ ವಿಶ್ರಾಂತಿಗಾಗಿ ಸೇರಿಸಿದ್ದರೆ ಹಣ ಇಲ್ಲ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಓಡಾಡಿಸುವುದು ಇಂಥ ಆರೈಕೆಗೆ ಹಣ ಇಲ್ಲ. ಕೊನೆಯ ಹಂತದ ರೋಗಿಗಳ ದೈಹಿಕ, ಸಾಮಾಜಿಕ, ಮಾನಸಿಕ, ಆಧ್ಯಾತ್ಮಿಕ ಅಗತ್ಯಗಳಿಗೆ ಕೊಡುವ ಸೇವೆಗೂ ಇಲ್ಲ. ಈಗ ನಿಮ್ಮ ಮೂರು ಕೋಡನ್ನು ಇದರ ಪಕ್ಕ ಇಟ್ಟು ನೋಡಿ. ಮುಪ್ಪು, ಸುಸ್ತು, ಪ್ಯಾಲಿಯೇಟಿವ್. ಕಂಪನಿಯವರು ಹುಡುಕುವ ಕೆಲಸವೇ ಇರಲಿಲ್ಲ, ನಾವೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಯಿತು. ಇದರ ಅಣ್ಣ ಎಕ್ಸ್‌ಕ್ಲೂಷನ್ 04 ಇದೆ, ಮುಖ್ಯವಾಗಿ ಪರೀಕ್ಷೆ, ತಪಾಸಣೆಗೆ ಅಂತ ಸೇರಿಸಿದ್ದರೆ ಹಣ ಇಲ್ಲ ಅಂತ. ‘ಸುಸ್ತು, ತಪಾಸಣೆಗಾಗಿ’ ಅಂತ ಬರೆದವರಿಗೆ ಅದು ಬೀಳುತ್ತದೆ.

ಆದರೆ ಅಲ್ಲಿರುವ ‘ಮುಖ್ಯವಾಗಿ’ ಅನ್ನುವ ಮಾತನ್ನು ಹಿಡಿದುಕೊಳ್ಳಿ. ಐಸಿಡಿ-10ರ ನಿಯಮವೂ ಅದನ್ನೇ ಹೇಳುತ್ತದೆ. ಚಿಕಿತ್ಸೆ ಮುಗಿದ ಹೊತ್ತಿಗೆ ಗೊತ್ತಾದ ಕಾಯಿಲೆಗಳಲ್ಲಿ, ಯಾವುದು ಆ ಚಿಕಿತ್ಸೆ ಬೇಕಾಗಲು ಮುಖ್ಯ ಕಾರಣವೋ ಅದು ಮೊದಲು ಬರಬೇಕು. ಲಕ್ಷಣವನ್ನು ಮೊದಲು ಬರೆಯುವುದು ಕಾಯಿಲೆ ಏನೂ ಗೊತ್ತಾಗದಿದ್ದಾಗ ಮಾತ್ರ. ನಿಮ್ಮ ಅಮ್ಮನಿಗೆ ಮೂರು ದಿನ ಐಸಿಯುನಲ್ಲಿ ಆಕ್ಸಿಜನ್ ಕೊಟ್ಟದ್ದು ಮುಪ್ಪಿಗಾ? ಏಳು ದಿನದ ಆಂಟಿಬಯೋಟಿಕ್ ಸುಸ್ತಿಗಾ?

ನನ್ನ ಕೈಗೆ ಈ ಫೈಲ್ ಬಂದು, ಡಾಕ್ಟರ್ ಕೂಡ ಒಪ್ಪಿದರೆ ಪಟ್ಟಿ ಹೀಗಿರುತ್ತಿತ್ತು. ಮೊದಲು ನ್ಯುಮೋನಿಯಾ. ಅನ್ನ ಗಂಟಲಲ್ಲಿ ಅಡ್ಡಹೋಗಿ ಶ್ವಾಸಕೋಶಕ್ಕೆ ಇಳಿದು ಆದದ್ದು ಅಂತ ಡಾಕ್ಟರ್ ಬರೆದರೆ ಜೆ69.0. ಕಾರಣ ಹೇಳದೆ ಬರೀ ನ್ಯುಮೋನಿಯಾ ಅಂದರೆ ಜೆ18.9. ಆಮೇಲೆ ಸೋಡಿಯಂ ಇಳಿದದ್ದು, ಇ87.1. ಆಮೇಲೆ ಬೆಡ್‌ಸೋರ್, ಎಲ್89. ಅದರ ಮುಂದಿನ ಅಂಕಿ ಗಾಯ ಎಷ್ಟು ಆಳ ಅಂತ ಹೇಳುತ್ತದೆ, ಎರಡನೇ ಹಂತದ್ದಾದರೆ ಎಲ್89.1. ಆಮೇಲೆ ಮರೆವು, ಶುಗರ್, ಬಿಪಿ. ಇಷ್ಟೆಲ್ಲ ಆದಮೇಲೆ ಕೊನೆಗೆ ಆರ್54, ಝಡ್51.5. ಸುಸ್ತಿನ ಆರ್53 ಬೇಕಾಗಿಯೇ ಇಲ್ಲ. ನ್ಯುಮೋನಿಯಾ ಇದ್ದವರಿಗೆ ಸುಸ್ತು ಇರದೆ ಇನ್ನೇನು.

ಒಂದು ಕೋಡ್ ಬಿಟ್ಟಿದ್ದೇನೆ, ಬೇಕಂತಲೇ. ನಿಮ್ಮ ಪತ್ರದಲ್ಲಿ ‘ನಮ್ಮ ಗುರುತೂ ಸಿಗದ ಹಾಗಾಯಿತು’ ಅಂತಿದೆ. ಸಮ್ಮರಿಯಲ್ಲಿ ಅದರ ಸುಳಿವೇ ಇಲ್ಲ. ನರ್ಸ್‌ಗಳ ಚಾರ್ಟ್ ಪ್ರತಿ ಸಿಕ್ಕರೆ ತೆಗೆದು ನೋಡಿ, ಖಂಡಿತ ಇರುತ್ತದೆ. ಇಂಥ ಚಾರ್ಟ್ ನಾನು ಸಾವಿರಾರು ನೋಡಿದ್ದೇನೆ. ರಾತ್ರಿ 2.40, ನೀಲಿ ಶಾಯಿ, ‘ರೋಗಿ ಡ್ರಿಪ್ ಕಿತ್ತುಕೊಂಡಿದ್ದಾರೆ, ಅಕ್ಕನನ್ನು ಕರೆಯುತ್ತಿದ್ದಾರೆ, ಡ್ಯೂಟಿ ಡಾಕ್ಟರಿಗೆ ತಿಳಿಸಿದೆ’. ಬೆಳಗ್ಗೆ 6ಕ್ಕೆ, ‘ಶಾಂತವಾಗಿದ್ದಾರೆ’. ಇದಕ್ಕೆ ಡೆಲಿರಿಯಂ ಅಂತ ಹೆಸರು. ಜ್ವರ, ಸೋಂಕು, ಸೋಡಿಯಂ ಏರುಪೇರಾದಾಗ ವಯಸ್ಸಾದವರ ಮಿದುಳು ಹೀಗೆ ಗಾಬರಿಯಾಗುತ್ತದೆ. ಮರೆವಿನ ಕಾಯಿಲೆಯ ಮೇಲೆ ಬಂದರೆ ಎಫ್05.1. ಅದು ಗಂಭೀರ ವಿಷಯ, ಐಸಿಯು ಯಾಕೆ ಬೇಕಾಯಿತು ಅನ್ನೋದಕ್ಕೆ ಅದೂ ಒಂದು ಉತ್ತರ. ಆದರೆ ನರ್ಸ್ ಬರೆದದ್ದನ್ನು ನೋಡಿ ನಾವು ಕೋಡ್ ಹಾಕುವ ಹಾಗಿಲ್ಲ. ಡಾಕ್ಟರ್ ತಮ್ಮ ಕೈಯಲ್ಲಿ ಆ ಪದ ಬರೆಯಬೇಕು. ಬರೆಯದಿದ್ದರೆ ಆ ರಾತ್ರಿ ಕಾಗದದಲ್ಲಿ ಆಗಲೇ ಇಲ್ಲ.

ನಮ್ಮ ಸೋದರತ್ತೆಯ ವಿಷಯದಲ್ಲೂ ಹೀಗೇ ಆಯಿತು. ಬೇರೆ ಆಸ್ಪತ್ರೆ, 2016ರ ಆಸುಪಾಸು. ನಾನು ಕೋಡಿಂಗ್ ಮಾಡುವವಳು, ಸಮ್ಮರಿ ಕೈಗೆ ಕೊಟ್ಟಾಗ ಬಿಲ್ ಮೊತ್ತ ನೋಡಿದೆ, ಔಷಧಿ ಚೀಟಿ ನೋಡಿದೆ, ಅವರ ಚಪ್ಪಲಿ ಹುಡುಕಿದೆ. ಡಯಾಗ್ನೋಸಿಸ್ ಸಾಲು ಓದಲೇ ಇಲ್ಲ. ‘ಜನರಲೈಸ್ಡ್ ವೀಕ್‌ನೆಸ್’ ಅಂತ ಇತ್ತು. ಮೂತ್ರದ ಸೋಂಕಿಗೆ ಒಂಬತ್ತು ದಿನ ಇಂಜೆಕ್ಷನ್ ತಗೊಂಡಿದ್ದರು ಪಾಪ. ಸರಿ ಮಾಡಿಸುವಷ್ಟರಲ್ಲಿ ಅದನ್ನು ಬರೆದಿದ್ದ ಡ್ಯೂಟಿ ಡಾಕ್ಟರ್ ಪಿಜಿ ಸೀಟು ಸಿಕ್ಕಿ ಹೊರಟುಹೋಗಿದ್ದರು.

ಹಾಗಾದರೆ ಆರ್54 ಅನ್ನೋದನ್ನ ತೆಗೆಸಿಬಿಡೋಣವಾ? ಬೇಡ. ನಿಮ್ಮ ಅಮ್ಮ ನಿಜವಾಗಿ ನಿಶ್ಶಕ್ತರಾಗಿದ್ದಾರೆ, ಅದು ಮುಖ್ಯ ವಿಷಯ. 45 ವರ್ಷದವರು ನಾಲ್ಕು ದಿನಕ್ಕೆ ಮನೆಗೆ ಹೋಗುವ ನ್ಯುಮೋನಿಯಾಗೆ ಇವರಿಗೆ 11 ದಿನ ಯಾಕಾಯಿತು ಅಂದರೆ ಉತ್ತರ ಅಲ್ಲೇ ಇದೆ. ಜಾಗ ಮಾತ್ರ ಸರಿ ಇರಬೇಕು. ಮೊದಲ ಸಾಲಿನಲ್ಲಿ ಅದು ಕ್ಲೇಮನ್ನು ಕೊಲ್ಲುತ್ತದೆ, ಕೊನೆಯ ಸಾಲಿನಲ್ಲಿ ಕ್ಲೇಮಿಗೆ ಬಲ ಕೊಡುತ್ತದೆ.

ಇಂಗ್ಲೆಂಡಿನಲ್ಲಿ ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. 75 ದಾಟಿದವರ ಹಳೆಯ ದಾಖಲಾತಿಗಳಲ್ಲಿ ಬಿದ್ದಿರುವ ಐಸಿಡಿ-10 ಕೋಡ್‌ಗಳನ್ನೇ ಕೂಡಿಸಿ, ಯಾರು ಎಷ್ಟು ನಾಜೂಕು ಸ್ಥಿತಿಯಲ್ಲಿದ್ದಾರೆ ಅಂತ ಅಂಕ ಕೊಡುವ ಒಂದು ಲೆಕ್ಕ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ 109 ಕೋಡ್ ಇವೆ. ಆಲ್ಜೈಮರ್ ಮರೆವಿಗೆ 7.1 ಅಂಕ, ಡೆಲಿರಿಯಂಗೆ 3.2, ಬಿದ್ದದ್ದಕ್ಕೆ 3.2, ಹೀಗೆ. 15 ದಾಟಿದರೆ ಅಪಾಯ ಜಾಸ್ತಿ. ನಿಶ್ಶಕ್ತಿ ಅನ್ನೋದು ಒಂದು ಕೋಡ್ ಅಲ್ಲ, ಹತ್ತು ಸಣ್ಣ ಕೋಡ್‌ಗಳಲ್ಲಿ ಚೆದುರಿಕೊಂಡಿರುತ್ತದೆ ಅಂತ ಅವರು ಕಂಡುಕೊಂಡರು. ನಮ್ಮಲ್ಲಿ ಆ ಹತ್ತನ್ನೂ ಬಿಟ್ಟು ಒಂದೇ ಮಾತಲ್ಲಿ ‘ವಯಸ್ಸು’ ಅಂದುಬಿಡುತ್ತೇವೆ. ಅಂದಹಾಗೆ ಈ ಜಗಳ ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯಲ್ಲೂ ನಡೆದಿದೆ. ಹೊಸ ಪಟ್ಟಿ ಐಸಿಡಿ-11ರಲ್ಲಿ ಮೊದಲು ಎಂಜಿ2ಎ ಅನ್ನುವ ಕೋಡಿಗೆ ‘ಮುಪ್ಪು’ ಅಂತಲೇ ಹೆಸರಿಡಲು ಹೊರಟಿದ್ದರು. ಮುಪ್ಪು ಕಾಯಿಲೆನಾ ಅಂತ ಗಲಾಟೆಯಾಯಿತು. 2022ರಲ್ಲಿ ಪಟ್ಟಿ ಜಾರಿಗೆ ಬರುವ ಹೊತ್ತಿಗೆ ವಯಸ್ಸಿನ ಜೊತೆ ಒಳಗಿನ ಶಕ್ತಿ ಕುಗ್ಗುವುದು ಅನ್ನುವ ಅರ್ಥದ ಉದ್ದನೆಯ ಹೆಸರು ಕೊಟ್ಟರು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಮ್ಮರಿಯಲ್ಲಿ ಶುಗರ್, ಬಿಪಿ ಎರಡೂ ಇಲ್ಲ. ಯಾರೋ ‘ಅದನ್ನ ಬರೀಬೇಡಿ ಡಾಕ್ಟ್ರೇ’ ಅಂದಿರಬೇಕು ಅಂತ ನನ್ನ ಅನುಮಾನ, ಕೋಪ ಮಾಡ್ಕೋಬೇಡಿ. ಬೆಂಗಳೂರಿನ ಪ್ರತಿ ವಾರ್ಡಿನಲ್ಲೂ ಈ ಪಿಸುಮಾತು ಕೇಳಿದ್ದೇನೆ. ಇದರಿಂದ ಲಾಭವಿಲ್ಲ. ಔಷಧಿ ಚೀಟಿಯಲ್ಲಿ ಇನ್ಸುಲಿನ್ ಇದ್ದೇ ಇರುತ್ತದೆ, ಅಲ್ಲಿ ಸಿಕ್ಕಿಬಿದ್ದರೆ ನಿಜ ಹೇಳಿದ ಉಳಿದ ಸಾಲುಗಳನ್ನೂ ನಂಬುವುದಿಲ್ಲ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಅವಧಿ 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ 3 ವರ್ಷ. ಪಾಲಿಸಿ 5 ವರ್ಷ ಬಿಡದೆ ನಡೆದಿದ್ದರೆ, ಮೋಸ ಅಂತ ಸಾಬೀತಾಗದ ಹೊರತು ‘ಹಳೇ ಕಾಯಿಲೆ ಮುಚ್ಚಿಟ್ಟಿರಿ’ ಅಂತ ಕ್ಲೇಮ್ ತಳ್ಳುವ ಹಾಗಿಲ್ಲ. ಹಾಗಾಗಿ ಶುಗರ್, ಬಿಪಿ ಧೈರ್ಯವಾಗಿ ಬರೆಸಿ.

ಝಡ್51.5 ಬಗ್ಗೆ ಬೇರೆಯಾಗಿ ಹೇಳಬೇಕು. ಐಸಿಯುನಲ್ಲಿ ವೆಂಟಿಲೇಟರ್ ಬೇಡ ಅಂತ ನೀವು ಹೇಳಿದ್ದೀರಿ, ಪ್ಯಾಲಿಯೇಟಿವ್ ಡಾಕ್ಟರ್ ಒಂದು ಸಲ ಬಂದು ನಿಮ್ಮ ಜೊತೆ ಕೂತು ಮಾತಾಡಿದ್ದಾರೆ, ಅಷ್ಟಕ್ಕೆ ಆ ಕೋಡ್ ಬಂದಿದೆ. ವೆಂಟಿಲೇಟರ್ ಬೇಡ ಅಂದ ಮಾತ್ರಕ್ಕೆ ಚಿಕಿತ್ಸೆ ಬೇಡ ಅಂತಲ್ಲ. ಆಂಟಿಬಯೋಟಿಕ್ ನಡೆದಿತ್ತು, ಆಕ್ಸಿಜನ್ ನಡೆದಿತ್ತು. ಡಾಕ್ಟರ ಪತ್ರದಲ್ಲಿ ಈ ಸಾಲು ಬರಲೇಬೇಕು, ‘ಸೋಂಕಿಗೆ ಪೂರ್ಣ ಚಿಕಿತ್ಸೆ ಕೊಡುತ್ತ, ಜೊತೆಯಲ್ಲಿ ಪ್ಯಾಲಿಯೇಟಿವ್ ಸಲಹೆ ಪಡೆಯಲಾಯಿತು’ ಅಂತ.

ಆ ಡಾಕ್ಟರ್ ನಿಮ್ಮ ಜೊತೆ ಕೂತ ಸಮಯಕ್ಕೆ ಬಿಲ್‌ನಲ್ಲಿ ಏನಿದೆ ಅಂತ ನೋಡಿದಿರಾ? ‘ಕನ್ಸಲ್ಟೇಷನ್, 1’. ಎಕ್ಸ್‌ರೇ ತೆಗೆದದ್ದಕ್ಕೆ ಒಂದು ಸಾಲು, ಕ್ಯಾತಿಟರ್‌ಗೆ ಒಂದು ಸಾಲು. ಅಮೆರಿಕದಲ್ಲಿ ಇಂಥ ಮಾತುಕತೆಗೇ ಬೇರೆ ಬಿಲ್ಲಿಂಗ್ ಕೋಡ್ ಇದೆ, 99497. ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ರೋಗಿಯ ಜೊತೆ, ಮನೆಯವರ ಜೊತೆ ಕೂತು ಮಾತಾಡುವ ಮೊದಲ 30 ನಿಮಿಷಕ್ಕೆ ಅದು. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ 2016ರಿಂದ ಅದಕ್ಕೆ ಹಣ ಕೊಡುತ್ತಿದೆ. ನಮ್ಮ ಕ್ಲೇಮ್ ಫಾರಂನಲ್ಲಿ ಕಾಯಿಲೆಗೆ ಜಾಗ ಇದೆ, ಆಪರೇಷನ್‌ಗೆ ಜಾಗ ಇದೆ, ಮಾತಿಗೆ ಇಲ್ಲ. ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು, 2023ರಲ್ಲಿ ನಿಯಮ ಸರಳ ಮಾಡಿತು, ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿ ಮಾಡುವ ಸುತ್ತೋಲೆಯನ್ನೂ ಹೊರಡಿಸಿತು. ಕಾನೂನು ಇಷ್ಟು ದೂರ ಬಂದಿದೆ. ಬಿಲ್ಲಿಂಗ್ ಇನ್ನೂ ಬಂದಿಲ್ಲ, ಅದು ನನಗೆ ಬೇಜಾರು.

ಈಗ ಮಾಡಬೇಕಾದ್ದು. ಕ್ಯಾಶ್‌ಲೆಸ್ ನಿರಾಕರಿಸಿದರೆ ಕ್ಲೇಮ್ ನಿರಾಕರಿಸಿದ ಹಾಗಲ್ಲ. ರೀಇಂಬರ್ಸ್‌ಮೆಂಟ್ ಕ್ಲೇಮ್, ಅಂದರೆ ನೀವು ಕಟ್ಟಿದ ಹಣ ವಾಪಸ್ ಕೇಳುವ ಅರ್ಜಿ, ಹಾಕುವ ದಾರಿ ಪೂರ್ತಿ ತೆರೆದಿದೆ. ಪಾಲಿಸಿಯಲ್ಲಿ ಎಷ್ಟು ದಿನದೊಳಗೆ ಅಂತಿದೆ ನೋಡಿ, ಇವತ್ತೇ ನೋಡಿ. ಕ್ಲೇಮ್ ಫಾರಂನಲ್ಲಿ ಎರಡು ಭಾಗ. ‘ಎ’ ನೀವು ತುಂಬುವುದು, ‘ಬಿ’ ಆಸ್ಪತ್ರೆಯವರು. ಬಿ ಭಾಗದಲ್ಲಿ ಮುಖ್ಯ ಡಯಾಗ್ನೋಸಿಸ್, ಹೆಚ್ಚುವರಿ ಡಯಾಗ್ನೋಸಿಸ್, ಜೊತೆಗಿರುವ ಕಾಯಿಲೆಗಳು ಅಂತ ಐಸಿಡಿ-10ಗೆ ಬೇರೆ ಬೇರೆ ಸಾಲುಗಳಿವೆ. ಅಷ್ಟು ಜಾಗ ಇದ್ದೂ ನಮ್ಮವರು ಮೊದಲನೆಯದನ್ನ ಮಾತ್ರ ತುಂಬಿ ಕಳಿಸುತ್ತಾರೆ.

ಅದಕ್ಕೂ ಮೊದಲು ಆಸ್ಪತ್ರೆಗೆ ಹೋಗಿ. ಬಿಲ್ಲಿಂಗ್ ಕೌಂಟರಿಗೆ ಹೋಗಬೇಡಿ, ಅಲ್ಲಿರುವವರ ಕೈಯಲ್ಲಿ ಏನೂ ಇಲ್ಲ, ಜಗಳ ಆಗುತ್ತದೆ ಅಷ್ಟೆ. ಅಮ್ಮನನ್ನು ನೋಡಿದ ದೊಡ್ಡ ಡಾಕ್ಟರ ಓಪಿಡಿ ಮುಗಿಯುವ ಹೊತ್ತಿಗೆ ಹೋಗಿ. ಸಮ್ಮರಿ, ಎಕ್ಸ್‌ರೇ ರಿಪೋರ್ಟ್, ಸೋಡಿಯಂ ರಿಪೋರ್ಟ್ ಮೂರರ ಜೆರಾಕ್ಸ್ ತೆಗೆದುಕೊಂಡು, ಸಂಬಂಧಪಟ್ಟ ಸಾಲಿಗೆ ಪೆನ್ಸಿಲ್ ಗೆರೆ ಹಾಕಿಕೊಂಡು ಹೋಗಿ. ತಿದ್ದಿದ ಸಮ್ಮರಿ, ಇಲ್ಲವೇ ವಿವರಣೆಯ ಪತ್ರ ಕೇಳಿ. ಇವತ್ತಿನ ತಾರೀಕು, ಸಹಿ, ಸೀಲ್ ಇರಬೇಕು. ಹಳೆಯದರ ಮೇಲೆ ವೈಟ್ನರ್ ಹಚ್ಚಿ ತಿದ್ದಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಹಳೇ ಸಮ್ಮರಿ ಹಾಗೇ ಇರಲಿ, ಎರಡೂ ಕಳಿಸಿ. ಆಗಿರದ ಕಾಯಿಲೆ ಸೇರಿಸಿಕೊಡುತ್ತೇವೆ ಅಂತ ಯಾರಾದರೂ ಮುಂದೆ ಬಂದರೆ ದೂರ ಇರಿ, ನಿಮ್ಮ ಫೈಲಿಗೆ ನಿಜವೇ ಸಾಕಷ್ಟಿದೆ. ಕೇಸ್‌ಶೀಟ್ ಪೂರ್ತಿ ಪ್ರತಿ ಬೇಕು ಅಂತ ಎಂಆರ್‌ಡಿಗೆ ಬರೆದುಕೊಡಿ, ನರ್ಸ್ ಚಾರ್ಟ್ ಸೇರಿಸಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ ನಿಯಮ ಇದೆ.

ಕಂಪನಿ ಮತ್ತೆ ಇಲ್ಲ ಅಂದರೆ, ಪಾಲಿಸಿಯ ಯಾವ ಷರತ್ತಿನ ಮೇಲೆ ಅಂತ ಬರಹದಲ್ಲಿ ಕೇಳಿ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಕ್ಲೇಮ್ಸ್ ರಿವ್ಯೂ ಕಮಿಟಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಳ್ಳಿಹಾಕುವ ಹಾಗಿಲ್ಲ. ಆಮೇಲೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿದೆ. ಫೀಸ್ ಇಲ್ಲ, ವಕೀಲರು ಬೇಕಿಲ್ಲ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು.

ಎಲ್ಲ ಸರಿಹೋದರೂ ಪೂರ್ತಿ ಹಣ ಬರುತ್ತದೆ ಅಂದುಕೊಳ್ಳಬೇಡಿ. ಕೊಡಬೇಕಾಗಿಲ್ಲ ಅನ್ನುವ 68 ವಸ್ತುಗಳ ಪಟ್ಟಿ ಒಂದಿದೆ. ಅದರಲ್ಲಿ ಡೈಪರ್ ಇದೆ, ಅಟೆಂಡರ್ ಚಾರ್ಜ್ ಇದೆ, ನಡೆಯಲು ಹಿಡಿಯುವ ವಾಕರ್ ಇದೆ. ಬೆಡ್‌ಸೋರ್ ಆಗದಿರಲಿ ಅಂತ ಹಾಕುವ ಗಾಳಿ ಹಾಸಿಗೆಯೂ ಇದೆ! ಬೆಡ್‌ಸೋರ್ ಆದರೆ ಅದರ ಚಿಕಿತ್ಸೆಗೆ ಹಣ ಕೊಡುತ್ತಾರೆ, ಆಗದಂತೆ ತಡೆಯಲು ಕೊಡುವುದಿಲ್ಲ. ಈ ಪಟ್ಟಿ ಮಾಡಿದವರ ಮನೆಯಲ್ಲಿ ಮುದುಕರು ಇರಲಿಲ್ಲವೇನೋ.

ನಿಮಗಿರುವಂಥ ವಿಮೆ ಇಲ್ಲದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ನಡೆಯುವ ಕೋಡ್ ಬೇರೆ, ಅದು ಒಂದೊಂದು ಚಿಕಿತ್ಸೆಗೂ ದರ ಗೊತ್ತುಮಾಡಿದ ಪ್ಯಾಕೇಜ್ ಕೋಡ್. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. 4ಎ ಅನ್ನುವ ತುರ್ತು ಪಟ್ಟಿಯಲ್ಲಿದ್ದರೆ ಮಾತ್ರ ರೆಫರಲ್ ಇಲ್ಲದೆ ನೇರ ಹೋಗಬಹುದು.

ನಿಮ್ಮ ಅಮ್ಮನ ಸ್ಥಿತಿ ನೋಡಿದರೆ ಮತ್ತೊಮ್ಮೆ ಸೇರಿಸಬೇಕಾಗಬಹುದು. ಹಾಗಾದಾಗ ಎರಡನೇ ದಿನವೇ ‘ಡಯಾಗ್ನೋಸಿಸ್ ಏನು ಬರೆದಿದ್ದೀರಿ’ ಅಂತ ರೌಂಡ್ಸ್‌ನಲ್ಲಿ ಕೇಳಿ. ಡಿಸ್ಚಾರ್ಜ್ ಹಿಂದಿನ ಸಂಜೆ ಸಮ್ಮರಿಯ ಡ್ರಾಫ್ಟ್ ಕೇಳಿ ಓದಿ. ಡಿಸ್ಚಾರ್ಜ್ ದಿನ ಆಸ್ಪತ್ರೆ ಬಿಲ್ ಕಳಿಸಿದ 3 ಗಂಟೆಯಲ್ಲಿ ಕಂಪನಿ ಉತ್ತರ ಕೊಡಬೇಕು, ಆ ಗಡಿಬಿಡಿಯಲ್ಲಿ ಯಾರೂ ಏನೂ ತಿದ್ದುವುದಿಲ್ಲ. ಮತ್ತೆ ಈ ಸಲ ಡಾಕ್ಟರ ಹತ್ತಿರ ಹೋದಾಗ ಎರಡನೇ ಪುಟದ ಕೆಳಗಿನಿಂದ ನಾಲ್ಕನೇ ಸಾಲನ್ನೂ ತೋರಿಸಿ. ಬೇರೆ ಯಾರದೋ ಸಮ್ಮರಿಯಿಂದ ಕಾಪಿ ಮಾಡಿ ಅಂಟಿಸಿದ್ದಾರೆ, ನಿಮ್ಮ ಅಮ್ಮ ಅಲ್ಲಿ ‘67 ವರ್ಷದ ಪುರುಷ’ ಆಗಿದ್ದಾರೆ.